ಬಲಗೈಗೆ ಮಾತ್ರ ಏಕೆ ಇಷ್ಟು ಬೇಗ ವಯಸ್ಸಾಯಿತು?

ತರಕಾರಿ ಟೆಂಪೋ, ಮಾಪುಸಾ
ಏಪ್ರಿಲ್ 6, ರಾತ್ರಿ 10:15

ಗೋವಾ ಕನ್ನಡ ಬಳಗದ ಎಲ್ಲರಿಗೂ ನಮಸ್ಕಾರ. ಹತ್ತೊಂಬತ್ತು ವರ್ಷಗಳಿಂದ ಬೆಳಗಾವಿಯ ತರಕಾರಿಯನ್ನು ಚೋರ್ಲಾ ಘಾಟಿನ ಮೇಲೆ ಮಾಪುಸಾ, ಪಣಜಿಗೆ ತರುತ್ತಿದ್ದೇನೆ. ನಸುಕಿನಲ್ಲಿ ಮಾಲು ಇಳಿಸುತ್ತೇನೆ. ಖಾಲಿ ಕ್ರೇಟು ಹೇರಿಕೊಂಡು ಹಿಂದಿರುಗುವಾಗ ಮಾತ್ರ ಬಿಸಿಲು ನೆತ್ತಿಗೇರಿರುತ್ತದೆ.

ಮೊನ್ನೆ ಮಗಳ ನಿಶ್ಚಿತಾರ್ಥದ ಫೋಟೋಗಳು ಕೈಗೆ ಬಂದವು. ಒಂದರಲ್ಲಿ ನಾನು ಅರ್ಧ ತೋಳಿನ ಅಂಗಿಯಲ್ಲಿ ಎರಡೂ ಕೈ ಚಾಚಿ ಅಕ್ಷತೆ ಹಾಕುತ್ತಿದ್ದೇನೆ. ಎಡಗೈ ನನ್ನದು. ಬಲಗೈ ತೀರಿಹೋದ ನಮ್ಮಪ್ಪನದು! ಮೊಣಕೈಯಿಂದ ಮಣಿಕಟ್ಟಿನವರೆಗೆ ತೊಗಲು ಬಲಿತ ಹೀರೇಕಾಯಿಯ ಸಿಪ್ಪೆಯ ಹಾಗೆ ಒರಟಾಗಿದೆ, ನಡುನಡುವೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆಗಳು. ಕಿಟಕಿಯ ಅಂಚಿನ ಮೇಲೆ ಮೊಣಕೈ ಊರಿ ಗಾಡಿ ಓಡಿಸುವ ಚಾಳಿ ನನಗೆ.

ಮಗಳು ಮೊಬೈಲಿನಲ್ಲಿ ಓದಿ ಹೇಳುತ್ತಾಳೆ, ಅಮೆರಿಕದಲ್ಲಿ ಹಸನ್ ಮುಖ್ತಾರ್ ಎಂಬ ಭಾರತೀಯ ಮೂಲದ ವಿಜ್ಞಾನಿ ಹಸಿರು ಚಹಾ, ದಾಳಿಂಬೆ, ದ್ರಾಕ್ಷಿಯಲ್ಲಿರುವ ಅಂಶಗಳು ಬಿಸಿಲಿನಿಂದ ಚರ್ಮವನ್ನು ಕಾಯುತ್ತವೆಯೇ ಎಂದು ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರಂತೆ. ದಾಳಿಂಬೆಯ ಪೆಟ್ಟಿಗೆಗಳು ದಿನಾ ನನ್ನ ಬೆನ್ನ ಹಿಂದೆಯೇ ಇರುತ್ತವೆ. ತಿಂದರೆ ಕೈ ಮೊದಲಿನಂತೆ ಆಗುತ್ತದೆಯೇ? ತಿಳಿದವರು ಹೇಳಿ.

ಮೇಸ್ತ್ರಿ, ವಾಸ್ಕೋ
ಏಪ್ರಿಲ್ 6, ರಾತ್ರಿ 10:31

ಅಣ್ಣ, ಇನ್ನು ಹತ್ತೊಂಬತ್ತು ವರ್ಷ ಎಡಗೈಯನ್ನು ಆ ಕಿಟಕಿಯಿಂದ ಹೊರಗೆ ಚಾಚಿ. ಎರಡೂ ಸಮವಾಗುತ್ತವೆ.

ಅರಿಶಿನಕೊಂಬು, ಕಾಣಕೋಣ
ಏಪ್ರಿಲ್ 7, ಬೆಳಿಗ್ಗೆ 6:50

ತಮಾಷೆ ಸಾಕು. ಅಣ್ಣನವರೇ, ಇದಕ್ಕೆ ಅಮೆರಿಕ ಬೇಕಾಗಿಲ್ಲ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ರಾತ್ರಿ ಹಚ್ಚಿ, ಬೆಳಿಗ್ಗೆ ಕಡಲೆಹಿಟ್ಟಿನಿಂದ ತೊಳೆಯಿರಿ. ಕಾರವಾರದಲ್ಲಿ ನಮ್ಮ ಅಜ್ಜಿ ಎಂಬತ್ತೆರಡರವರೆಗೆ ಗದ್ದೆಗೆ ಹೋದವರು, ಮುಖ ಕನ್ನಡಿಯಂತಿತ್ತು. ಕೊಬ್ಬರಿ ಎಣ್ಣೆಗೆ ಎಸ್‌ಪಿಎಫ್ (ಬಿಸಿಲಿನ ಸುಡುವಿಕೆ ತಡೆಯುವ ಬಲದ ಅಳತೆ) ಏಳು ಇದೆ ಎಂದು ವಿಜ್ಞಾನಿಗಳೇ ಅಳೆದು ಹೇಳಿದ್ದಾರೆ.

ಕಡಲಪಾಚಿ, ದೋನಾ ಪಾವ್ಲಾ
ಏಪ್ರಿಲ್ 7, ಮಧ್ಯಾಹ್ನ 1:20

ಯಜಮಾನರೇ, ನಾನು ವೈದ್ಯನಲ್ಲ, ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೀಸೆ ತೊಳೆದು, ಅಳತೆ ಬರೆದು ನಿವೃತ್ತನಾದವನು. ನಿಮ್ಮ ಕೈಯನ್ನು ಹೋಲುವ ಒಂದು ಮುಖ ವೈದ್ಯಲೋಕದಲ್ಲಿ ಬಹಳ ಪ್ರಸಿದ್ಧ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅಮೆರಿಕದ ಒಬ್ಬ ಚಾಲಕನ ಫೋಟೋ ಅಚ್ಚು ಹಾಕಿತು. ವಯಸ್ಸು 69, ಸರಕಿನ ಲಾರಿ ಓಡಿಸಿದ್ದು 28 ವರ್ಷ. ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿದೆ, ಎಡಭಾಗ ಉತ್ತು ಬಿಟ್ಟ ಹೊಲ. ಅಲ್ಲಿ ಚಾಲಕ ಕೂರುವುದು ಎಡಕ್ಕೆ, ನಮ್ಮಲ್ಲಿ ಬಲಕ್ಕೆ. ಅಷ್ಟೇ ವ್ಯತ್ಯಾಸ.

ಕಾರಣ ಹೀಗೆ. ನೆಲ ಮುಟ್ಟುವ ಅತಿನೇರಳೆ ಕಿರಣಗಳಲ್ಲಿ ಎರಡು ಬಗೆ. ಯುವಿ-ಬಿ ಚರ್ಮದ ಮೇಲ್ಪದರದಲ್ಲೇ ಕೆಲಸ ಮುಗಿಸುತ್ತದೆ, ಸುಡುವುದು, ಕೆಂಪಾಗಿಸುವುದು ಹೆಚ್ಚಾಗಿ ಅದೇ. ಡಿಎನ್‌ಎಯ ಅಕ್ಕಪಕ್ಕದ ಎರಡು ಕೊಂಡಿಗಳನ್ನು ತಪ್ಪಾಗಿ ಬೆಸೆದುಬಿಡುತ್ತದೆ. ಯುವಿ-ಎ ಸುಡುವುದು ಕಡಿಮೆ, ಇಳಿಯುವುದು ಆಳಕ್ಕೆ. ಚರ್ಮದ ಒಳಪದರದಲ್ಲಿರುವ ಕೊಲಾಜನ್ ಎಂದರೆ ಹೊರಸಿಗೆ ಹೆಣೆದ ಹಗ್ಗ ಎಂದುಕೊಳ್ಳಿ. ಯುವಿ-ಎ ಬಿದ್ದಾಗ ಪುಂಡ ಆಮ್ಲಜನಕದ ಕಣಗಳು ಹುಟ್ಟುತ್ತವೆ, ಅವುಗಳ ಗಲಾಟೆಗೆ ನಮ್ಮ ಜೀವಕೋಶಗಳೇ ಹಗ್ಗ ಕತ್ತರಿಸುವ ಕಿಣ್ವಗಳನ್ನು ಹೊರಬಿಡುತ್ತವೆ. ದಿನಕ್ಕೆ ಒಂದೆರಡು ಎಳೆ ಹೋದರೆ ಯಾರಿಗೂ ಕಾಣುವುದಿಲ್ಲ. ಹತ್ತೊಂಬತ್ತು ವರ್ಷಕ್ಕೆ ಹೊರಸು ಜೋತುಬೀಳುತ್ತದೆ. ಕಿಟಕಿಯ ಗಾಜು ಏರಿಸಿದರೂ ಯುವಿ-ಬಿ ನಿಲ್ಲುತ್ತದೆ, ಯುವಿ-ಎ ಬಹುಪಾಲು ಒಳಗೇ ಬರುತ್ತದೆ. ಎರಡು ಪದರ ಅಂಟಿಸಿ ಮಾಡಿದ ಮುಂದಿನ ಗಾಜು ಪಕ್ಕದ ಗಾಜಿಗಿಂತ ಎಷ್ಟೋ ವಾಸಿ. ನೀವಂತೂ ಕೈಯನ್ನು ಹೊರಗೇ ಇಟ್ಟಿದ್ದೀರಿ.

ಈಗ ಮುಖ್ತಾರ್ ಅವರ ವಿಷಯ. ಅದು ಗಟ್ಟಿ ಕೆಲಸ, ಅನುಮಾನವಿಲ್ಲ. 1991ರಲ್ಲಿ ಅವರ ತಂಡ ಕೂದಲಿಲ್ಲದ ಇಲಿಗಳಿಗೆ ಹಸಿರು ಚಹಾ ಕುಡಿಸಿ ಯುವಿ-ಬಿ ಬೆಳಕಿಗೆ ಒಡ್ಡಿತು, ಚಹಾ ಕುಡಿದ ಇಲಿಗಳಲ್ಲಿ ಚರ್ಮದ ಗಡ್ಡೆಗಳು ಕಡಿಮೆ ಬಂದವು. 2001ರಲ್ಲಿ ಅವರೂ ಸಂತೋಷ್ ಕಟಿಯಾರ್ ಮೊದಲಾದವರೂ ಮನುಷ್ಯರ ಚರ್ಮದ ಮೇಲೆಯೇ ನೋಡಿದರು. ಚಹಾದಲ್ಲಿರುವ ಸಸ್ಯಾಂಶಗಳಾದ ಪಾಲಿಫಿನಾಲ್‌ಗಳನ್ನು ಮೊದಲು ಹಚ್ಚಿ ಆಮೇಲೆ ಕಿರಣ ಬಿಟ್ಟರೆ ಕೆಂಪಾಗುವುದು ಕಡಿಮೆ, ಸುಟ್ಟ ಜೀವಕೋಶಗಳೂ ಕಡಿಮೆ. ಇಲ್ಲಿ ಎರಡು ಮಾತನ್ನು ಗಮನಿಸಿ: "ಹಚ್ಚಿ" ಮತ್ತು "ಮೊದಲು". ಕುಡಿದರೆ ಏನಾಗುತ್ತದೆ ಎಂದು ಇಂಗ್ಲೆಂಡಿನಲ್ಲಿ 50 ಜನರ ಮೇಲೆ ಪರೀಕ್ಷೆ ನಡೆಯಿತು. 12 ವಾರ, ದಿನಕ್ಕೆ 1,080 ಮಿಲಿಗ್ರಾಂ ಚಹಾದ ಕ್ಯಾಟೆಚಿನ್ (ಅದೂ ಪಾಲಿಫಿನಾಲ್ ಬಗೆಯದೇ), ಜೊತೆಗೆ ವಿಟಮಿನ್ ಸಿ. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಚರ್ಮ ಕೆಂಪಾಗುವುದರಲ್ಲಿ ಹುಸಿ ಗುಳಿಗೆ ನುಂಗಿದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇಲಿಯಿಂದ ನಿಮ್ಮ ಮೊಣಕೈಗೆ ದಾರಿ ದೂರ, ಚೋರ್ಲಾಕ್ಕಿಂತ ತಿರುವು ಹೆಚ್ಚು.

ತರಕಾರಿ ಟೆಂಪೋ, ಮಾಪುಸಾ
ಏಪ್ರಿಲ್ 7, ರಾತ್ರಿ 9:05

ಸರ್, ಹೊರಸಿನ ಹೋಲಿಕೆ ತಲೆಗೆ ಹೋಯಿತು. ಹಾಗಾದರೆ ಗಾಜಿಗೆ ಕಪ್ಪು ಫಿಲಂ ಅಂಟಿಸಲೇ?

ಮೇಸ್ತ್ರಿ, ವಾಸ್ಕೋ
ಏಪ್ರಿಲ್ 7, ರಾತ್ರಿ 9:12

2012ರಲ್ಲೇ ಸುಪ್ರೀಂ ಕೋರ್ಟ್ ಕಪ್ಪು ಫಿಲಂ ಬೇಡವೆಂದಿದೆ. ಕೇರಿ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿಕೊಳ್ಳುತ್ತಾರೆ.

ರಸಾಯನದ ಹುಡುಗಿ, ಪುಣೆ (ಊರು ಮಡಗಾಂವ್)
ಏಪ್ರಿಲ್ 8, ಬೆಳಿಗ್ಗೆ 11:40

ಅರಿಶಿನಕೊಂಬು ಅಕ್ಕ, ಕೊಬ್ಬರಿ ಎಣ್ಣೆಯ ಆ "ಏಳು" ಎಲ್ಲಿಂದ ಬಂತು ಎಂದು ಹೇಳಬೇಕು, ಏಕೆಂದರೆ ನನ್ನ ಹಾಸ್ಟೆಲಿನಲ್ಲೂ ಅದೇ ಮಾತು. 2010ರಲ್ಲಿ ನಮ್ಮ ದೇಶದ್ದೇ ಒಂದು ಪ್ರಬಂಧ ಬಂತು. ಅದರಲ್ಲಿ ಎಣ್ಣೆಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ಚಿಕ್ಕ ಗಾಜಿನ ಡಬ್ಬಿಯಲ್ಲಿಟ್ಟು, ಎಷ್ಟು ಬೆಳಕು ಹೀರಿತು ಎಂದು ಯಂತ್ರದಲ್ಲಿ ನೋಡಿ ಸೂತ್ರಕ್ಕೆ ಹಾಕಿದ್ದಾರೆ. ಚರ್ಮ ಅಲ್ಲಿ ಬರುವುದೇ ಇಲ್ಲ. ಎಸ್‌ಪಿಎಫ್‌ನ ಸರಿಯಾದ ಪರೀಕ್ಷೆ ಮನುಷ್ಯರ ಬೆನ್ನಿನ ಮೇಲೆ, ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಮಾಡುವುದು. ಎಣ್ಣೆ ತೆಳುವಾಗಿ ಹರಡಿ ಬೆವರಿನೊಡನೆ ಇಳಿದುಹೋಗುತ್ತದೆ. ಒಣ ಚರ್ಮಕ್ಕೆ ಒಳ್ಳೆಯದು, ನಾನೂ ಹಚ್ಚುತ್ತೇನೆ. ಬಿಸಿಲಿಗೆ ಅದನ್ನು ನೆಚ್ಚಬೇಡಿ.

ಅರಿಶಿನದ್ದು ಇನ್ನೂ ಮಜಾ. ಬಿಳಿ ಪಂಚೆಗೆ ಅರಿಶಿನ ಮೆತ್ತಿಕೊಂಡರೆ ಅಮ್ಮ ಏನು ಮಾಡುತ್ತಾರೆ? ಸಾಬೂನು ಹಚ್ಚಿ ಬಿಸಿಲಿಗೆ ಹರವುತ್ತಾರೆ. ಸಂಜೆಗೆ ಕಲೆ ಮಾಯ. ಅರಿಶಿನದ ಹಳದಿ ಬಣ್ಣವಾದ ಕರ್ಕ್ಯುಮಿನ್ ಬೆಳಕಿನಲ್ಲಿ ಒಡೆದು ಹೋಗುವ ವಸ್ತು ಎಂಬುದಕ್ಕೆ ನಮ್ಮ ಹಿತ್ತಲಿನ ತಂತಿಗಿಂತ ದೊಡ್ಡ ಪ್ರಯೋಗಾಲಯ ಬೇಕೇ? ಬಿಸಿಲಿನಲ್ಲಿ ತಾನೇ ಉಳಿಯದ್ದು ನಮ್ಮನ್ನು ಎಷ್ಟು ಹೊತ್ತು ಕಾದೀತು?

ಅಡುಗೆಮನೆಯಿಂದ ನಿಜವಾಗಿ ಪ್ರಯೋಗಾಲಯದ ಒಳಗೆ ಹೋಗಿ ಗೆದ್ದು ಬಂದದ್ದು ಬೇರೊಂದಿದೆ. ಫೆರುಲಿಕ್ ಆಮ್ಲ. ಹೆಸರು ಬಂದದ್ದು ಇಂಗಿನ ಗಿಡದಿಂದ! ಇಂಗಿನ ಗಿಡದ ಕುಲ ಫೆರುಲಾ, 1866ರಲ್ಲಿ ಅದರ ಅಂಟಿನಿಂದಲೇ ಇದನ್ನು ಮೊದಲು ಬೇರ್ಪಡಿಸಿದ್ದು. ಅಕ್ಕಿಯ ತೌಡಿನಲ್ಲೂ ಧಾರಾಳವಾಗಿದೆ. 2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನೆಲ್ ಅವರ ತಂಡ ವಿಟಮಿನ್ ಸಿ ಮತ್ತು ಇ ಇರುವ ದ್ರಾವಣಕ್ಕೆ ಇದನ್ನು ಸೇರಿಸಿತು. ಬೇಗ ಕೆಡುತ್ತಿದ್ದ ದ್ರಾವಣ ಕೆಡದೆ ನಿಂತಿತು, ಚರ್ಮಕ್ಕೆ ಅದು ಕೊಡುತ್ತಿದ್ದ ರಕ್ಷಣೆ ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿತು. ಸಾರಿನ ಒಗ್ಗರಣೆಯನ್ನು ಯಾರೂ ಮುಖಕ್ಕೆ ಬಳಿದುಕೊಳ್ಳಬೇಡಿ, ದಯವಿಟ್ಟು.

ಟೆಂಪೋ ಕಾಕಾ, ನಿಮ್ಮ ಸರಕಿನಲ್ಲೂ ಒಂದು ಇದೆ. ಟೊಮೆಟೊ. ಜರ್ಮನಿಯ ಡ್ಯೂಸೆಲ್ಡಾರ್ಫ್‌ನಲ್ಲಿ 2001ರಲ್ಲಿ ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು ಆಲಿವ್ ಎಣ್ಣೆಯೊಡನೆ ತಿನ್ನಿಸಿದರು. 10 ವಾರದ ಕೊನೆಗೆ ಅವರ ಚರ್ಮ ಕೆಂಪಾಗುವುದು ಉಳಿದವರಿಗಿಂತ 40 ಪ್ರತಿಶತ ಕಡಿಮೆ. ಕೆಲಸ ಮಾಡುವುದು ಲೈಕೊಪೀನ್ ಎಂಬ ಕೆಂಪು ಬಣ್ಣ, ಎಣ್ಣೆಯಲ್ಲಿ ಬೇಯಿಸಿದರೆ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಎಸ್‌ಪಿಎಫ್ ಲೆಕ್ಕಕ್ಕೆ ಇಳಿಸಿದರೆ ಅದು ಎರಡನ್ನೂ ಮುಟ್ಟುವುದಿಲ್ಲ. ಟೊಮೆಟೊ ಗೊಜ್ಜು ತಿನ್ನಿ, ಕೈಯನ್ನೂ ಒಳಗಿಡಿ.

ತರಕಾರಿ ಟೆಂಪೋ, ಮಾಪುಸಾ
ಏಪ್ರಿಲ್ 8, ರಾತ್ರಿ 9:50

ಹತ್ತೊಂಬತ್ತು ವರ್ಷ ಔಷಧಿಯನ್ನೇ ಹೊತ್ತು ತಿರುಗಿದ್ದೇನೆ ಎಂದಾಯಿತು, ತಂಗಿ.

ಶಾರದಕ್ಕ, ಮಡಗಾಂವ್
ಏಪ್ರಿಲ್ 9, ಮಧ್ಯಾಹ್ನ 3:30

ನಾನು ಬ್ಯೂಟಿ ಪಾರ್ಲರ್ ಇಟ್ಟುಕೊಂಡು ಹದಿನಾಲ್ಕು ವರ್ಷವಾಯಿತು. ಗಿಡಮೂಲಿಕೆ ಎಂದರೆ ತೊಂದರೆಯಿಲ್ಲ ಎಂದು ನಂಬಿದವರು ಇದನ್ನು ಓದಲಿ.

ಹೋದ ಮೇ ತಿಂಗಳಿನಲ್ಲಿ ಹುಬ್ಬಳ್ಳಿಯಿಂದ ಪ್ರವಾಸಕ್ಕೆ ಬಂದ ಹುಡುಗಿಯೊಬ್ಬಳು ಅಳುತ್ತಾ ನನ್ನಲ್ಲಿಗೆ ಬಂದಳು. ಮುಖ ಬೆಳ್ಳಗಾಗಲೆಂದು ನಿಂಬೆಹಣ್ಣನ್ನು ಕೆನ್ನೆ, ಕುತ್ತಿಗೆಗೆ ಉಜ್ಜಿಕೊಂಡು ಕೋಲ್ವಾ ಕಡಲತೀರದಲ್ಲಿ ಮಧ್ಯಾಹ್ನವೆಲ್ಲ ಕಳೆದಿದ್ದಾಳೆ. ಎರಡನೆಯ ದಿನ ಬೊಕ್ಕೆ. ಕುತ್ತಿಗೆಯ ಮೇಲೆ ರಸ ಹರಿದ ದಾರಿ ಹಾಗೆಯೇ ಗೆರೆಯಾಗಿ ಮೂಡಿತ್ತು, ಕೊನೆಗೆ ಒಂದು ಹನಿಯ ಆಕಾರ. ನಾನು ಕೈ ಮುಟ್ಟಿಸದೆ ನೇರವಾಗಿ ಚರ್ಮವೈದ್ಯರ ಬಳಿಗೆ ಕಳಿಸಿದೆ. ನಿಂಬೆಯ ಸಿಪ್ಪೆ, ರಸದಲ್ಲಿ ಬಿಸಿಲು ಬಿದ್ದೊಡನೆ ಚರ್ಮವನ್ನು ಸುಡುವ ಅಂಶ ಇದೆ ಎಂದು ಅವರು ಹೇಳಿದರಂತೆ. ಕಪ್ಪು ಗೆರೆ ಹೋಗಲು ತಿಂಗಳುಗಳೇ ಹಿಡಿದವು.

ಇನ್ನು ಭಂಗು (ಮುಖದ ಮೇಲಿನ ಕಂದು ಕಲೆ) ಎಂದು ಬರುವ ಹೆಂಗಸರೇ ನನಗೆ ಹೆಚ್ಚು. ಒಲೆ, ಬಿಸಿಲು, ಬಸುರಿನ ನಂತರದ ದಿನಗಳು, ಎಲ್ಲ ಸೇರಿ ಬರುವುದು. ಅದಕ್ಕೆ ಏನಾದರೂ ಇದೆಯೇ, ಓದಿದವರು ಹೇಳಿ.

ರಸಾಯನದ ಹುಡುಗಿ, ಪುಣೆ
ಏಪ್ರಿಲ್ 9, ಸಂಜೆ 6:15

ಶಾರದಕ್ಕ, ನಿಂಬೆಯಲ್ಲಿರುವುದು ಫ್ಯೂರೊಕೂಮರಿನ್. ಇದೇ ಜಾತಿಯ ಸೊರಾಲೆನ್ ನಮ್ಮ ಬಾವಂಚಿ ಬೀಜದಲ್ಲಿದೆ. ತೊನ್ನಿಗೆ ಬಾವಂಚಿ ಕೊಟ್ಟು ಬಿಸಿಲಿಗೆ ಕೂರಿಸುವ ಹಳೆಯ ಚಿಕಿತ್ಸೆಯ ಗುಟ್ಟೇ ಅದು. ಒಂದೇ ಗುಣ, ಅಲ್ಲಿ ಮದ್ದು, ಇಲ್ಲಿ ಬೊಕ್ಕೆ.

ಭಂಗಿನ ವಿಷಯದಲ್ಲಿ ಒಂದು ಮುಖ್ಯ ಸಂಗತಿ. ನಮ್ಮಂಥ ಕಂದು ಚರ್ಮವನ್ನು ಅತಿನೇರಳೆ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸುತ್ತದೆ. 2010ರಲ್ಲಿ ಡೆಟ್ರಾಯ್ಟ್‌ನ ಚರ್ಮವೈದ್ಯರು ಇದನ್ನು ಚೆನ್ನಾಗಿ ತೋರಿಸಿದರು, ಬಿಳಿಯ ಚರ್ಮದಲ್ಲಿ ಹಾಗೆ ಆಗಲಿಲ್ಲ. ಆದ್ದರಿಂದ ಭಂಗು ಇದ್ದವರಿಗೆ ಕಬ್ಬಿಣದ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ಕಬ್ಬಿಣದ ಆಕ್ಸೈಡ್ ಎಂದರೆ ಹೆಚ್ಚುಕಡಿಮೆ ಕೆಮ್ಮಣ್ಣಿನ ಬಣ್ಣವೇ.

ಮೇಸ್ತ್ರಿ, ವಾಸ್ಕೋ
ಏಪ್ರಿಲ್ 10, ರಾತ್ರಿ 8:40

ಎಲ್ಲ ಓದಿದೆ. ಈಗ ನನ್ನ ಲೆಕ್ಕ ಕೇಳಿ. ನನ್ನ ಕೈಕೆಳಗೆ ಝುವಾರಿನಗರದಿಂದ ಬರುವ ಇಪ್ಪತ್ತಾರು ಆಳುಗಳು, ಅದರಲ್ಲಿ ಹನ್ನೊಂದು ಹೆಂಗಸರು, ಬಾಗಲಕೋಟೆ, ಕೊಪ್ಪಳ, ಗದಗದವರು. ಆ ತಂಗಿ ಹೇಳಿದ 2 ಮಿಲಿಗ್ರಾಂ ಲೆಕ್ಕವನ್ನು ಮಗನಿಂದ ಮಾಡಿಸಿದೆ. ಮುಖ, ಕುತ್ತಿಗೆ, ಎರಡು ತೋಳಿಗೆ ಒಮ್ಮೆಗೆ ಸುಮಾರು 8 ಗ್ರಾಂ. 50 ಗ್ರಾಂ ಟ್ಯೂಬು ದಿನಕ್ಕೆ ಒಮ್ಮೆ ಹಚ್ಚಿದರೆ ಆರು ದಿನ. ಎರಡು ಗಂಟೆಗೊಮ್ಮೆ ಹಚ್ಚಬೇಕಂತೆ, ಹಾಗಾದರೆ ಎರಡು ದಿನವೂ ಬಾರದು. ಸಿಮೆಂಟಿನ ಧೂಳಿನಲ್ಲಿ ಅದನ್ನು ಹಚ್ಚಿಕೊಂಡರೆ ಮುಖ ಗಿಲಾವು ಮಾಡಿದ ಗೋಡೆ.

ನಮ್ಮ ಹೆಂಗಸರು ಏನು ಮಾಡುತ್ತಾರೆ ಗೊತ್ತೇ? ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕಿ ಗುಂಡಿ ಮಣಿಕಟ್ಟಿನವರೆಗೂ ಬಿಗಿಯುತ್ತಾರೆ. ಸೆರಗನ್ನು ತಲೆಗೆ ಸುತ್ತಿ ಅದರ ಮೇಲೆ ಸಿಂಬಿ, ಅದರ ಮೇಲೆ ಬುಟ್ಟಿ. ಸಂಜೆ ಅಂಗಿ ಕಳಚಿದರೆ ಕೈ ಬೇರೆ ಬಣ್ಣ. ಅವರಿಗೆ ಯಾವ ವಿಜ್ಞಾನಿ ಹೇಳಿಕೊಟ್ಟಿದ್ದ?

ಒಂದು ತಕರಾರೂ ಇದೆ. ಗೋವಾದ ಈ ಜಿಗುಟು ಸೆಕೆಯಲ್ಲಿ ಅಷ್ಟು ಹೊದ್ದುಕೊಂಡರೆ ತಲೆ ಸುತ್ತಿ ಬೀಳುತ್ತಾರೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಬ್ಬ ಗುತ್ತಿಗೆದಾರನ ಸೈಟಿನಲ್ಲಿ ನೆರಳಿಗೆ ಒಂದು ತಗಡೂ ಇರಲಿಲ್ಲ, ಏಪ್ರಿಲಿನಲ್ಲಿ ಒಬ್ಬಾಕೆ ಬುಟ್ಟಿಯ ಸಮೇತ ಉರುಳಿದಳು. ಸುಕ್ಕು ನಾಳೆಯ ಮಾತು, ಝಳ ಇವತ್ತಿನದು. ನಾನೀಗ ಹನ್ನೆರಡರಿಂದ ಮೂರರವರೆಗೆ ಸ್ಲ್ಯಾಬಿನ ಕೆಲಸ ಇಡುವುದಿಲ್ಲ, ಬೆಳಿಗ್ಗೆ ಆರೂವರೆಗೇ ಕರೆಯುತ್ತೇನೆ.

ಕಡಲಪಾಚಿ, ದೋನಾ ಪಾವ್ಲಾ
ಏಪ್ರಿಲ್ 10, ರಾತ್ರಿ 10:05

ಮೇಸ್ತ್ರಿಯವರೇ, ಈ ಚರ್ಚೆಯಲ್ಲಿ ಅತ್ಯಂತ ವೈಜ್ಞಾನಿಕವಾದ ಮಾತು ನಿಮ್ಮದೇ. ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಹೊರಗಿರಬೇಡಿ ಎಂಬುದೇ ಎಲ್ಲ ಪಾಠಗಳ ಮೊದಲ ಪಾಠ. ಬಟ್ಟೆಯಲ್ಲೂ ತಾರತಮ್ಯವಿದೆ. ಒತ್ತಾದ ನೇಯ್ಗೆ, ಗಾಢ ಬಣ್ಣ ಹೆಚ್ಚು ತಡೆಯುತ್ತದೆ, ತೆಳುವಾದ ಬಿಳಿ ಹತ್ತಿ ಕಡಿಮೆ, ಬೆವರಿಗೆ ನೆನೆದರೆ ಇನ್ನೂ ಕಡಿಮೆ. ಸೆಕೆಗೆ ಬಿಳಿ, ಕಿರಣಕ್ಕೆ ಗಾಢ. ಈ ಜಗಳವನ್ನು ನಾನು ಬಗೆಹರಿಸಲಾರೆ.

ಸನ್‌ಸ್ಕ್ರೀನನ್ನು ತೀರ ತಳ್ಳಿಹಾಕಬೇಡಿ. ಆಸ್ಟ್ರೇಲಿಯಾದ ನಂಬೂರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ ಅಡೆಲ್ ಗ್ರೀನ್ ಅವರ ತಂಡ 1,621 ಜನರ ಮೇಲೆ ಪರೀಕ್ಷೆ ಮಾಡಿತು. ದಿನವೂ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು 40 ಪ್ರತಿಶತ ಕಡಿಮೆಯಾಯಿತು. 55ರ ಒಳಗಿನವರ ಕೈಯ ಹಿಂಬದಿಯ ಅಚ್ಚು ತೆಗೆದು ಸುಕ್ಕನ್ನೂ ಅಳೆದರು, ದಿನವೂ ಹಚ್ಚಿದವರ ಚರ್ಮ 24 ಪ್ರತಿಶತ ಕಡಿಮೆ ಮುಪ್ಪಾಗಿತ್ತು. ಅದೇ ಪರೀಕ್ಷೆಯಲ್ಲಿ ಕೆಲವರಿಗೆ ಗಜ್ಜರಿಯ ಬೀಟಾ ಕೆರೋಟಿನ್ ಗುಳಿಗೆಯನ್ನೂ ಕೊಟ್ಟಿದ್ದರು. ಅದರಿಂದ ಚರ್ಮಕ್ಕೆ ಆದ ಲಾಭ ಸೊನ್ನೆ.

ಬಿಳಿಯರ ಲೆಕ್ಕ ನಮಗೆ ಹಾಗೆಯೇ ಹೊಂದುವುದಿಲ್ಲ, ನಿಜ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ನಮ್ಮ ಮೆಲನಿನ್ ಹುಟ್ಟಾ ಬಂದ ಕೊಡೆ, ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಎಷ್ಟೋ ಕಡಿಮೆ. ಆದರೆ ಕೊಡೆಯಲ್ಲೂ ಒಂದು ತೂತಿದೆ. 2015ರಲ್ಲಿ ಯೇಲ್‌ನ ಡಗ್ಲಸ್ ಬ್ರಾಶ್ ಮತ್ತು ಸಂಜಯ್ ಪ್ರೇಮಿ ತೋರಿಸಿದ್ದು: ಯುವಿ-ಎ ತಿಂದ ಮೆಲನಿನ್ ಆ ಶಕ್ತಿಯನ್ನು ಕೂಡಿಟ್ಟುಕೊಂಡು, ಕತ್ತಲೆಯಲ್ಲೂ ಮೂರು ಗಂಟೆಗಿಂತ ಹೆಚ್ಚು ಹೊತ್ತು ಡಿಎನ್‌ಎಗೆ ಪೆಟ್ಟು ಕೊಡುತ್ತಲೇ ಇರುತ್ತದೆ. ನೀವು ಮನೆಗೆ ಬಂದು ಊಟಕ್ಕೆ ಕೂತಿರುತ್ತೀರಿ, ಬಿಸಿಲು ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ! ಬಿಸಿಲಿನ ನಂತರ ಹಚ್ಚಬಹುದಾದ ಸಸ್ಯಮೂಲದ ಅಂಶಗಳನ್ನು ಹುಡುಕಲು ಇದೂ ಒಂದು ಕಾರಣ.

ಅರಿಶಿನಕೊಂಬು, ಕಾಣಕೋಣ
ಏಪ್ರಿಲ್ 11, ಬೆಳಿಗ್ಗೆ 7:10

ಸರಿ ಸರಿ, ಪಂಚೆಯ ಕಲೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅಜ್ಜಿ ಗದ್ದೆಗೆ ಹೋಗುವಾಗ ಮಳೆಯಿರಲಿ ಬಿಸಿಲಿರಲಿ ತಲೆ, ಬೆನ್ನು ಮುಚ್ಚುವ ಎಲೆಯ ಗೊರಬು ಹಾಕುತ್ತಿದ್ದರು, ಅದನ್ನು ಬರೆಯಲು ಮರೆತಿದ್ದೆ. ಅದರ ಪುಣ್ಯವೋ ಏನೋ. ಮುರುಗಲ ತುಪ್ಪವನ್ನಾದರೂ ಬಿಡುತ್ತೀರೋ ಇಲ್ಲವೋ? ಒಡೆದ ಹಿಮ್ಮಡಿಗೆ ಅದಕ್ಕಿಂತ ಮಿಗಿಲಿಲ್ಲ.

ಕಡಲಪಾಚಿ, ದೋನಾ ಪಾವ್ಲಾ
ಏಪ್ರಿಲ್ 11, ಬೆಳಿಗ್ಗೆ 9:30

ಹಿಮ್ಮಡಿಗೆ ನಾನೂ ಅದನ್ನೇ ಹಚ್ಚುವುದು, ತಂಗಿ. ಅದಕ್ಕೆ ತಕರಾರಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಹುಚ್ಚನ್ನೂ ಹೇಳಿಬಿಡುತ್ತೇನೆ, ಈ ಹೆಸರು ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ಮಳೆಗಾಲದಲ್ಲಿ ಕೊಂಕಣದ ಬಂಡೆಗಳ ಮೇಲೆ ಪೋರ್ಫೈರಾ ಎಂಬ ಕೆಂಗಂದು ಪಾಚಿ ಬೆಳೆಯುತ್ತದೆ. ಕೈಯಲ್ಲಿ ಹಿಡಿದರೆ ನೆನೆದ ಪ್ಲಾಸ್ಟಿಕ್ ಹಾಳೆಯಷ್ಟು ತೆಳು, ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತದೆ. ನೀರು ಇಳಿದಾಗ ಬಂಡೆಗೆ ಅಂಟಿಕೊಂಡು ಗರಿಗರಿಯಾದ ಹಪ್ಪಳವಾಗುತ್ತದೆ. ಮೋಡ ಸರಿದು ಬಿಸಿಲು ಬಿದ್ದರೆ ಓಡಿಹೋಗಲು ಕಾಲಿಲ್ಲ, ನೆರಳಿಲ್ಲ. ಮತ್ತೆ ಅಲೆ ಬಂದು ತೋಯಿಸಿದರೆ ಏನೂ ಆಗಿಲ್ಲವೆಂಬಂತೆ ಅರಳಿಕೊಳ್ಳುತ್ತದೆ.

ಅದು ಸಾಯದಿರಲು ಒಂದು ಕಾರಣ ತನ್ನೊಳಗೆ ತಾನೇ ಮಾಡಿಕೊಳ್ಳುವ ಬಣ್ಣವಿಲ್ಲದ ವಸ್ತು. ಹೆಸರು ಪೋರ್ಫೈರಾ-334. ಅತಿನೇರಳೆಯ 334 ನ್ಯಾನೊಮೀಟರ್ ಅಲೆಯನ್ನು ಅತಿ ಹೆಚ್ಚು ಹೀರುವುದರಿಂದ ಆ ಸಂಖ್ಯೆ. ಅದು ಯುವಿ-ಎ ವಲಯ, ನಮ್ಮ ಯಜಮಾನರ ಮೊಣಕೈಯನ್ನು ತಿಂದದ್ದೂ ಅದೇ. ಹೀರಿದ ಶಕ್ತಿಯನ್ನು ಪುಂಡ ಕಣಗಳಿಗೆ ಕೊಡದೆ ಬರೀ ಶಾಖವಾಗಿ ಬಿಟ್ಟುಬಿಡುತ್ತದೆ. ಈ ಬಗೆಯ ವಸ್ತುಗಳಿಗೆ ಮೈಕೊಸ್ಪೊರಿನ್ ಮಾದರಿಯ ಅಮೈನೊ ಆಮ್ಲಗಳು ಎನ್ನುತ್ತಾರೆ. ಹವಳದಲ್ಲೂ, ನೀಲಿ-ಹಸಿರು ಪಾಚಿಯಲ್ಲೂ ಇವೆ. ಯುರೋಪಿನಲ್ಲಿ ಇದೇ ಕುಲದ ಪಾಚಿಯ ಸಾರವನ್ನು ಕ್ರೀಮಿಗೆ ಬೆರೆಸಿ ಮಾರುತ್ತಾರೆ. ನಮ್ಮ ಪಶ್ಚಿಮ ಕರಾವಳಿಯ ಪಾಚಿಯಿಂದ ಇದನ್ನು ತೆಗೆದು ಪರೀಕ್ಷಿಸಿದ ಭಾರತೀಯ ಸಂಶೋಧಕರೂ ಇದ್ದಾರೆ.

ಗೋವಾದ ಗೇರಿಗೂ ಪಾಲಿದೆ. ಗೇರುಬೀಜ ಸುಡುವಾಗ ಸಿಡಿದು ಕೈ ಸುಡುವ ಆ ಸಿಪ್ಪೆಯ ಎಣ್ಣೆಯಿಂದಲೇ 2019ರಲ್ಲಿ ದಕ್ಷಿಣ ಆಫ್ರಿಕಾದ ವಿಟ್ಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ಡಿ ಕೋನಿಂಗ್ ಮತ್ತು ಜರ್ಮನಿಯವರು ಅತಿನೇರಳೆ ಹೀರುವ ಹೊಸ ವಸ್ತುಗಳನ್ನು ಮಾಡಿದರು. ಕಚ್ಚಾ ಎಣ್ಣೆ ಹಚ್ಚಿದರೆ ಆಸ್ಪತ್ರೆ, ರಸಾಯನಶಾಲೆಯಲ್ಲಿ ಮೈ ಬದಲಿಸಿಕೊಂಡು ಬಂದರೆ ಸನ್‌ಸ್ಕ್ರೀನ್. ಸಸ್ಯ ತನಗಾಗಿ ಮಾಡಿಕೊಂಡದ್ದನ್ನು ನಮಗೆ ಒಗ್ಗಿಸಲು ನಡುವೆ ಇಷ್ಟು ಕೆಲಸ ಬೇಕು. ಜನ ಈ ನಡುವಿನ ಭಾಗವನ್ನೇ ಹಾರಿಸಿ ಓದುತ್ತಾರೆ.

ತರಕಾರಿ ಟೆಂಪೋ, ಮಾಪುಸಾ
ಏಪ್ರಿಲ್ 19, ರಾತ್ರಿ 10:40

ಎಲ್ಲರಿಗೂ ವರದಿ. ಚರ್ಮವೈದ್ಯರಿಗೆ ತೋರಿಸಿದೆ. ಬಿಳಿ ಚುಕ್ಕೆಗಳು ವಯಸ್ಸು, ಬಿಸಿಲಿನದು, ಅಪಾಯವಿಲ್ಲ ಎಂದರು. ವಾಸಿಯಾಗದ ಹುಣ್ಣು, ಆಕಾರ ಅಥವಾ ಬಣ್ಣ ಬದಲಿಸುವ ಮಚ್ಚೆ ಕಂಡರೆ ಮಾತ್ರ ತಡಮಾಡದೆ ಬನ್ನಿ ಎಂದರು. ಒರಟು ಪೂರ್ತಿ ಹೋಗುವುದಿಲ್ಲ, ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬಹುದಂತೆ.

ಮಗಳು ತೋಳಿಗೆ ಹಾಕುವ ಕಪ್ಪು ಚೀಲ ತಂದುಕೊಟ್ಟಿದ್ದಾಳೆ, ಕ್ರಿಕೆಟ್ ಆಟಗಾರರು ಹಾಕುತ್ತಾರಲ್ಲ, ಅದು. ಮೊದಲ ದಿನ ಎಪಿಎಂಸಿ ಹಮಾಲರು ಬಿದ್ದು ಬಿದ್ದು ನಕ್ಕರು. ಈಗ ಇಬ್ಬರು ಬೆಲೆ ಕೇಳಿದ್ದಾರೆ. ಕಿಟಕಿಯ ಮೇಲೆ ಮೊಣಕೈ ಇಡುವ ಚಾಳಿ ಮಾತ್ರ ಬಿಡಲಾಗಿಲ್ಲ, ಕೈ ತಾನಾಗಿಯೇ ಹೋಗುತ್ತದೆ.

ಪಾಚಿಯ ಸರ್, ಆ ಹಪ್ಪಳದಂಥ ಪಾಚಿಯನ್ನು ನೋಡಬೇಕೆನಿಸಿದೆ. ಜೂನ್ ಕೊನೆಗೆ ಅಂಜುಣಾ ಬಂಡೆಗಳ ಕಡೆಗೆ ಬಂದರೆ ತೋರಿಸುತ್ತೀರಾ?

ಕಡಲಪಾಚಿ, ದೋನಾ ಪಾವ್ಲಾ
ಏಪ್ರಿಲ್ 20, ಬೆಳಿಗ್ಗೆ 8:15

ಮಳೆಗಾಲದಲ್ಲಿ ಆ ಬಂಡೆಗಳ ಮೇಲೆ ಕಾಲಿಡಬೇಡಿ ಯಜಮಾನರೇ, ಸಾಬೂನಿನಂತೆ ಜಾರುತ್ತವೆ. ಪ್ರತಿವರ್ಷ ಯಾರಾದರೂ ಬೀಳುತ್ತಾರೆ. ನನಗೆ ಗೊತ್ತಿರುವ ಮೀನುಗಾರನೊಬ್ಬ ಇಳಿತದ ವೇಳೆಯಲ್ಲಿ ಒಂದು ಹಿಡಿ ತಂದುಕೊಡುತ್ತಾನೆ. ಮಾಪುಸಾದ ಶುಕ್ರವಾರದ ಸಂತೆಗೆ ನಾನು ಹೇಗೂ ಬರುತ್ತೇನೆ, ಸಮುದ್ರದ ನೀರು ತುಂಬಿದ ಬಾಟಲಿಯಲ್ಲಿ ಹಾಕಿ ತರುತ್ತೇನೆ. ಟೆಂಪೋ ನಿಲ್ಲಿಸುವ ಜಾಗವನ್ನು ಇಲ್ಲಿ ಬರೆಯಬೇಡಿ, ನನಗೆ ಪ್ರತ್ಯೇಕವಾಗಿ ಸಂದೇಶ ಕಳಿಸಿ.